ಅರ್ಧ ಕೇಳಿದ ಕತೆ, ಪೂರ್ತಿ ಮುಚ್ಚಿದ ಶಾಲೆ

ಬಂಡಕೊತ್ತೂರಿನ ಸೊಣ್ಣಪ್ಪನಿಗೆ ಸಿಟ್ಟು ಬರುವುದಕ್ಕೆ ಕಾರಣ ಬೇಕಾಗಿರಲಿಲ್ಲ, ಜನ ಬೇಕಾಗಿತ್ತು. ಒಬ್ಬನೇ ಇದ್ದಾಗ ಅವನಷ್ಟು ಸಾಧು ಮನುಷ್ಯ ಬಂಗಾರಪೇಟೆ ಸೀಮೆಯಲ್ಲೇ ಸಿಗುತ್ತಿರಲಿಲ್ಲ. ಹಸುವಿನ ಕೆಚ್ಚಲು ತೊಳೆಯುವಾಗ ಅದರ ಕಿವಿಯಲ್ಲಿ ಏನೇನೋ ಮುದ್ದು ಮಾತು ಹೇಳುತ್ತಿದ್ದ. ಅದೇ ಹಾಲಿನ ಕ್ಯಾನು ಹಿಡಿದು ಡೈರಿ ಮುಂದಿನ ಸಾಲಿನಲ್ಲಿ ನಿಂತನೋ, ಮುಗಿಯಿತು. ಹಾಲಿನ ಡಿಗ್ರಿ ಕಡಿಮೆ ಬಂದರೆ ಸಿಟ್ಟು. ಜಾಸ್ತಿ ಬಂದರೆ, ಹಾಗಾದರೆ ನಿನ್ನೆ ಯಾಕೆ ಕಡಿಮೆ ಬಂದಿತ್ತು ಎಂದು ಇನ್ನೂ ಸಿಟ್ಟು. ಅವನ ಮೂಗಿನ ತುದಿ ಕೆಂಪಗಾಗುವುದನ್ನು ನೋಡಿಯೇ ಊರಿನವರು ಇವತ್ತಿನ ಬಿಸಿಲು ಎಷ್ಟಿರಬಹುದೆಂದು ಅಂದಾಜು ಮಾಡುತ್ತಿದ್ದರು.

ಆದರೆ ಆ ಬೆಳಿಗ್ಗೆ ಅವನ ಸಿಟ್ಟಿಗೆ ನಿಜವಾಗಿಯೂ ಒಂದು ಕಾರಣವಿತ್ತು. ಅಭ್ಯಾಸವಿಲ್ಲದ ಕಾರಣ ಅದನ್ನು ಹೇಗೆ ಬಳಸಬೇಕೆಂದು ಅವನಿಗೆ ತಿಳಿಯಲಿಲ್ಲ. ಮುಂದೆ ಆದದ್ದಕ್ಕೆಲ್ಲ ಇದೇ ಮೂಲ.

ಡೈರಿಯ ಎದುರಿಗೇ ಊರಿನ ಹಳೆಯ ಶಾಲೆ. ದಪ್ಪ ಕಲ್ಲಿನ ಗೋಡೆ, ಮೇಲೆ ತಗಡು. ಗೋಡೆಗೆ ಎಷ್ಟು ಸುಣ್ಣ ಹೊಡೆದಿದ್ದರೆಂದರೆ ಕಲ್ಲು ಯಾವುದು, ಸುಣ್ಣ ಯಾವುದು ಎಂದು ಹೇಳುವ ಹಾಗಿರಲಿಲ್ಲ. ಮೂಲೆಗಳೆಲ್ಲ ಬೆಣ್ಣೆ ಮುದ್ದೆಯಂತೆ ದುಂಡಗಾಗಿದ್ದವು. ಬಂಡಕೊತ್ತೂರಿನಲ್ಲಿ ಯುಗಾದಿ ಬಂದರೆ ಮೊದಲು ಶಾಲೆಗೆ ಸುಣ್ಣ, ಆಮೇಲೆ ದೇವರ ಗುಡಿಗೆ, ಕೊನೆಗೆ ಮನೆಗಳಿಗೆ. ಯಾಕೆ ಹೀಗೆ ಎಂದು ಯಾರೂ ಕೇಳಿರಲಿಲ್ಲ. ಹಿಂದಿನವರು ಹೊಡೆದರು, ನಾವೂ ಹೊಡೆಯುತ್ತೇವೆ, ಅಷ್ಟೆ. ಈ ಸಲ ರಿಪೇರಿಗೆಂದು ಸರ್ಕಾರದ ದುಡ್ಡು ಬಂದು, ಹೊಸ ತಗಡು ಏರಿ, ಹೊಸ ಸುಣ್ಣವೂ ಆಗಿ, ಬಾಗಿಲ ಮೇಲೊಂದು ಬೋರ್ಡು ಬರೆಸುವುದೆಂದು ತೀರ್ಮಾನವಾಗಿತ್ತು. ರಾಬರ್ಟ್‌ಸನ್‌ಪೇಟೆಯಿಂದ ತಮಿಳು ಬೆರೆಸಿ ಮಾತಾಡುವ ಪೇಂಟರ್ ಸೆಲ್ವರಾಜ್ ಬಂದು ಏಣಿ ಹತ್ತಿದ್ದ.

ಸೊಣ್ಣಪ್ಪ ಕ್ಯಾನು ಕೆಳಗಿಟ್ಟು ಓದಿದ. 'ಸ್ಥಳದಾನಿಗಳು ಹಾಗೂ ಕಟ್ಟಡ ಕಟ್ಟಿಸಿದವರು: ದಿವಂಗತ ದೊಡ್ಡ ಮುನಿಸ್ವಾಮಪ್ಪನವರು.'

ದೊಡ್ಡ ಮುನಿಸ್ವಾಮಪ್ಪ ಎಂದರೆ ಡೈರಿ ಸೆಕ್ರೆಟರಿ ಮುನಿಸ್ವಾಮಪ್ಪನ ತಾತ. ಹಾಲಿನ ಡಿಗ್ರಿ ಅಳೆಯುವವನು ಈ ಮೊಮ್ಮಗನೇ. ಬೋರ್ಡಿನ ಬಣ್ಣಕ್ಕೆ ಚಂದಾ ಕೊಟ್ಟವನೂ ಅವನೇ.

"ಏಯ್, ಇಳೀಲಾ ಕೆಳ್ಗೆ!" ಎಂದು ಸೊಣ್ಣಪ್ಪ ಏಣಿ ಹಿಡಿದು ಅಲುಗಾಡಿಸಿದ.

"ಐಯೋ ಸಾಮಿ, ಬಿದ್ದೋಗ್ತೀನಿ! ಎನ್ನಾ ಸಾರ್ ಆಯ್ತು? ಸ್ಪೆಲಿಂಗ್ ತಪ್ಪಾ?" ಎಂದ ಸೆಲ್ವರಾಜ್, ಒಂದು ಕೈಯಲ್ಲಿ ಡಬ್ಬ, ಇನ್ನೊಂದರಲ್ಲಿ ಕಿಟಕಿಯ ಕಂಬಿ ಹಿಡಿದುಕೊಂಡು.

"ತಾತಾನೇ ತಪ್ಪು!"

ಮುನಿಸ್ವಾಮಪ್ಪ ಹಾಲು ಅಳೆಯುವ ಗಾಜಿನ ಕೊಳವೆ ಹಿಡಿದುಕೊಂಡೇ ಹೊರಗೆ ಬಂದ. ಅದು ಕೈಯಲ್ಲಿದ್ದಾಗ ಅವನ ಮಾತಿಗೆ ಒಂದು ತೂಕ ಬರುತ್ತಿತ್ತು. "ಏನಪ್ಪ ಸೊಣ್ಣಪ್ಪ, ಬೆಳಿಗ್ಗೇನೇ? ನಮ್ ತಾತ ಜಾಗ ಕೊಟ್ಟು ಶಾಲೆ ಕಟ್ಸಿದ್ದು ಊರಿಗೆಲ್ಲ ಗೊತ್ತಿರೋದೇ ತಾನೆ?"

"ಯಾವ ಊರಿಗೆ?"

"ಈ ಊರಿಗೆ."

"ಈ ಊರಾಗೆ ನಾನೂ ಇವ್ನಿ. ನಂಗೊತ್ತಿಲ್ಲ. ಅಂದ್ಮೇಲೆ ಊರಿಗೆಲ್ಲ ಎಂಗಯ್ಯಾ ಗೊತ್ತಾಯ್ತು? ಶಾಲೆ ಕಟ್ಟಿದ್ದು ನಮ್ಮಜ್ಜಿ! ತಲೆ ಮೇಲೆ ಕಲ್ಲು ಒತ್ಕೊಂಡ್ ಬಂದು ಕಟ್ಟಿದ್ದು! ಒಂದೊಂದು ಕಲ್ಲಿಗೂ ನಮ್ಮಜ್ಜಿ ಗುರುತೈತೆ!"

ಇಲ್ಲಿ ಆ ಅಜ್ಜಿಯ ಕತೆಯ ಬಗ್ಗೆ ಎರಡು ಮಾತು ಹೇಳಲೇಬೇಕು. ಸೊಣ್ಣಪ್ಪನ ಅಜ್ಜಿ ಮುತ್ಯಾಲಮ್ಮ ಹುಟ್ಟಿದ್ದೂ ಬಂಡಕೊತ್ತೂರಿನಲ್ಲೇ, ಸೋದರಮಾವನನ್ನು ಮದುವೆಯಾಗಿ ಉಳಿದದ್ದೂ ಬಂಡಕೊತ್ತೂರಿನಲ್ಲೇ, ಈಗಲೂ ಮೊಮ್ಮಗನ ಮನೆಯ ಜಗಲಿಯಲ್ಲಿ ಗಟ್ಟಿಯಾಗಿ ಕೂತಿರುವವಳು. ಹುಡುಗನಾಗಿದ್ದಾಗ ಸೊಣ್ಣಪ್ಪನನ್ನು ಅಂಗಳದಲ್ಲಿ ಪಕ್ಕಕ್ಕೆ ಮಲಗಿಸಿಕೊಂಡು ಆಕೆ ದಿನವೂ ಹೇಳುತ್ತಿದ್ದುದು ಒಂದೇ ಕತೆ. 'ಆವತ್ತು ಊರಿನ ಎಂಗಸ್ರಿಗೆಲ್ಲ ಸಿಟ್ಟು ಬಂದಿತ್ತು ಕಣ್ಲಾ. ಎಂಥಾ ಸಿಟ್ಟು ಅಂತೀಯಾ, ಒಲೆ ಮೇಲೆ ಮುದ್ದೆ ಎಸರು ಕುದೀತಿದ್ರೂ ಅಂಗೇ ಬಿಟ್ಟು ಎದ್ರು. ಸೆರಗು ಬಿಗ್ದು ಕಟ್ಟಿ ನಡುದ್ರು. ಬರೋವಾಗ ಒಂದೊಂದು ತಲೆ ಮೇಲೂ ಒಂದೊಂದು ಕಲ್ಲು. ಒಂದೊಂದು ಕಲ್ಲ ಮೇಲೂ ಒಂದೊಂದು ಗುರುತು...' ಗುರುತು ಎಂಬ ಮಾತಿಗೆ ಸರಿಯಾಗಿ ಹುಡುಗನಿಗೆ ನಿದ್ದೆ ಹತ್ತುತ್ತಿತ್ತು. ದಿನವೂ ಅಲ್ಲಿಗೇ. ಹಾಗಾಗಿ ಕತೆ ಅಲ್ಲಿಗೇ ಮುಗಿಯುತ್ತದೆ ಎಂದೇ ಅವನು ತಿಳಿದಿದ್ದ. ಮದುವೆಯಾಗಿ, ಮಗಳು ಚಂದನ ಹುಟ್ಟಿ, ಅವಳು ಇದೇ ಶಾಲೆಯ ನಾಲ್ಕನೇ ತರಗತಿಗೆ ಬಂದರೂ ಹಾಗೆಯೇ ತಿಳಿದಿದ್ದ.

"ನಿಮ್ಮಜ್ಜಿ ಎಲ್ಡು ಮಂಕರಿ ಮಣ್ಣು ಒತ್ತಿರ್ಬೋದು, ಅದ್ಕೆ ಕೂಲಿ ಕೊಟ್ಟಿರ್ತಾರೆ ನಮ್ ತಾತ," ಎಂದ ಮುನಿಸ್ವಾಮಪ್ಪ.

ಇದನ್ನು ಕೇಳಿ ಸಾಲಿನಲ್ಲಿದ್ದ ಕನಕಮ್ಮ ಚೊಂಬು ಸೊಂಟಕ್ಕೇರಿಸಿಕೊಂಡು ಮುಂದೆ ಬಂದಳು. "ಜಾಗ ನಿಮ್ದಂತೆ, ಕಲ್ಲು ಇವರದಂತೆ. ಬಾಗ್ಲು ಯಾರ್ದು? ನಮ್ ಮಾವ ಮಾಡಿದ್ದು! ಬಾಗ್ಲಿಲ್ದೆ ಶಾಲೆ ಶಾಲೆಯಾಯ್ತದಾ, ದೊಡ್ಡಿಯಾಯ್ತದೆ."

ಒಬ್ಬರ ತಾತ ತೊಲೆ ಕಡಿದು ತಂದ, ಇನ್ನೊಬ್ಬರ ಮುತ್ತಜ್ಜ ಪಾಯಕ್ಕೆ ಕೋಳಿ ಕೊಯ್ದ, ಮತ್ತೊಬ್ಬರ ಚಿಕ್ಕಜ್ಜಿ ಕಟ್ಟುವವರಿಗೆಲ್ಲ ಮಜ್ಜಿಗೆ ಹಂಚಿದಳು. ಸಾಲು ಕೆಟ್ಟಿತು, ಕ್ಯಾನುಗಳು ಉರುಳಿದವು. ಹೆಡ್‌ಮಿಸ್ ಕವಿತ ಟೀಚರ್ ಬಾಗಿಲಿಗೆ ಬಂದು, "ದಯವಿಟ್ಟು ಸ್ವಲ್ಪ ದೂರ ಹೋಗಿ ಬೈದಾಡಿ, ಮಕ್ಕಳು ಬರ್ಕೊತಾ ಇದ್ದಾರೆ," ಎಂದರು. ಏಣಿಯ ಮೇಲಿಂದ ಸೆಲ್ವರಾಜ್, "ಎಷ್ಟು ತಾತ ಆದ್ರೂ ಬರೀತೀನಿ ಸಾರ್. ಆದ್ರೆ ಬೋರ್ಡ್ ಚಿನ್ನದು, ಸಣ್ಣದು, ಮೊದ್ಲು ಲೆಕ್ಕ ಮಾಡ್ಕೊಂಡ್ ಬನ್ನಿ," ಎಂದು ಬ್ರಷ್ ತೊಳೆಯತೊಡಗಿದ.

ಸೊಣ್ಣಪ್ಪ ಕ್ಯಾನನ್ನು ಅಲ್ಲೇ ಬಿಟ್ಟು ಬಂಗಾರಪೇಟೆ ಬಸ್ಸು ಹತ್ತಿದ.

ತಾಲ್ಲೂಕು ಕಚೇರಿ ತಲುಪುವ ಹೊತ್ತಿಗೆ ಅವನ ಸಿಟ್ಟು ಚೆನ್ನಾಗಿ ಬಲಿತಿತ್ತು, ಆದರೆ ಏನು ಕೇಳಬೇಕೆಂಬುದು ಮರೆತಿತ್ತು. "ಅವರ ತಾತನ ಜಾಗ ಅಲ್ಲ ಅಂತ ಬರ್ಕೊಡಿ," ಎಂದು ಗುಮಾಸ್ತರ ಮೇಜು ಗುದ್ದಿದ. ಅಲ್ಲ ಎಂದು ಬರೆದುಕೊಡುವ ಪದ್ಧತಿ ಇಲ್ಲವೆಂದು ಅವರು ಹೇಳಿದರು. "ಅಂಗಾದ್ರೆ ನಮ್ಮಜ್ಜಿದು ಅಂತ ಬರ್ಕೊಡಿ." ಅದೂ ಆಗುವುದಿಲ್ಲವೆಂದರು. "ಮತ್ತೆ ಏನ್ ಮಾಡ್ತೀರಾ ನೀವು ಇಲ್ಲಿ?" ಎಂದಾಗ ಇಡೀ ಕಚೇರಿ ತಲೆ ಎತ್ತಿತು. ಬಹುಶಃ ಆ ಪ್ರಶ್ನೆಯನ್ನು ಅಲ್ಲಿ ಯಾರೂ ಅಷ್ಟು ನೇರವಾಗಿ ಕೇಳಿರಲಿಲ್ಲ. ಅವನನ್ನು ಸಾಗಹಾಕಲು ಗುಮಾಸ್ತರು, "ಸರ್ವೆಗೆ ಅರ್ಜಿ ಕೊಡಿ, ಅಳೆದರೆ ಎಲ್ಲ ಗೊತ್ತಾಗುತ್ತೆ," ಎಂದರು. ಸರ್ವೆ ಅರ್ಜಿಗಳು ಅಲ್ಲಿ ಕೊಟ್ಟವರ ಮೊಮ್ಮಕ್ಕಳ ಕಾಲಕ್ಕೆ ಕದಲುತ್ತವೆ. ಆದರೆ ಸೊಣ್ಣಪ್ಪ ದಿನ ಬಿಟ್ಟು ದಿನ ಹೋಗಿ ಮೇಜು ಗುದ್ದಿದ್ದರಿಂದ, ಮೇಜಿನ ಮೇಲಿನ ಕರುಣೆಯಿಂದಲೋ ಏನೋ, ಆ ತಿಂಗಳಲ್ಲೇ ಸರ್ವೆಯರ್ ಬಂದುಬಿಟ್ಟರು.

ಸರ್ವೆಯರ್ ಸುಧಾಕರ್ ಎಳೆಯ ಪ್ರಾಯದವರು. ಮೂರು ಕಾಲಿನ ಯಂತ್ರ, ತಲೆಗೆ ಟೋಪಿ, ಮುಖದ ಮೇಲೆ ಇಷ್ಟು ಜನ ಯಾಕೆ ಸೇರಿದ್ದಾರೆಂಬ ಭಯ. ಮುನಿಸ್ವಾಮಪ್ಪ ಒಂದು ಎಳನೀರು ಕೊಚ್ಚಿ ಕೊಟ್ಟ. ಕೂಡಲೇ ಸೊಣ್ಣಪ್ಪ ಅದಕ್ಕಿಂತ ದಪ್ಪದ್ದೊಂದು ಕೊಚ್ಚಿ ಕೊಟ್ಟ. ಪಕ್ಷಪಾತ ಆಗಬಾರದೆಂದು ಆ ಬಡಪಾಯಿ ಕೊಟ್ಟದ್ದನ್ನೆಲ್ಲ ಕುಡಿದರು.

"ದಾನಪತ್ರ ಯಾರ ಹತ್ರ ಇದೆ?" ಎಂದು ಕೇಳಿದರು.

ಯಾರ ಹತ್ತಿರವೂ ಇರಲಿಲ್ಲ. ಮುನಿಸ್ವಾಮಪ್ಪ ತಾತನ ಮೀಸೆಯ ಫೋಟೋ ತೋರಿಸಿದ.

"ಪತ್ರ ಯಾಕೆ ಸಾರ್? ಗುರುತೈತೆ!" ಎಂದು ಸೊಣ್ಣಪ್ಪ ಹಾರೆ ತೆಗೆದುಕೊಂಡು ಗೋಡೆಗೆ ಒಂದು ಹಾಕಿದ.

"ಅಯ್ಯೋ, ಮೊನ್ನೆ ತಾನೆ ಸುಣ್ಣ ಹೊಡೆಸಿದ್ದು!" ಎಂದು ಕವಿತ ಟೀಚರ್ ಚೀರಿದರು. ಅಷ್ಟರಲ್ಲಿ ಸುಣ್ಣದ ಹೆಕ್ಕಳಿಕೆ ರೊಟ್ಟಿಯಂತೆ ಕಳಚಿ ಬಿತ್ತು. ಅದರ ಕೆಳಗೆ ಮೊದಲಿನ ವರ್ಷದ ಸುಣ್ಣ. ಅದರ ಕೆಳಗೆ ಅದರ ಹಿಂದಿನದು. ಯುಗಾದಿಗಳೆಲ್ಲ ಒಂದೊಂದಾಗಿ ಉದುರಿದ ಮೇಲೆ ಕೊನೆಗೆ ಕಲ್ಲು ಕಂಡಿತು. ಕಲ್ಲಿನ ಮೇಲೆ ಕೆತ್ತಿದ ಒಂದು ಬಾಣ, ಬಾಣದ ಕೆಳಗೆ ಒಂದು ಅಂಕಿ.

"ನೋಡ್ಕೊಳ್ಳಿ! ನಮ್ಮಜ್ಜಿ ಗುರುತು!" ಎಂದು ಸೊಣ್ಣಪ್ಪ ಕೂಗಿದ. ಪಕ್ಕದ ಕಲ್ಲನ್ನೂ ಕೆರೆದ. ಅಲ್ಲೂ ಬಾಣ. ಅದರಾಚೆಯದರಲ್ಲೂ ಬಾಣ. ಮುನಿಸ್ವಾಮಪ್ಪನ ಮುಖ ಒಡೆದ ಹಾಲಿನಂತಾಯಿತು. "ಬಾಣ ನಮ್ ವಂಶದ ಗುರುತು ಸಾರ್. ಎಲ್ಲಾ ಕಲ್ಲೂ ನಮ್ಮಜ್ಜೀನೇ ತಂದಿದ್ದು, ಬರ್ಕೊಳ್ಳಿ! ಒಬ್ಳೇ ತಂದಿದ್ದು, ಬರ್ಕೊಳ್ಳಿ!"

ಸುಧಾಕರ್ ಬರೆದುಕೊಳ್ಳಲಿಲ್ಲ. ಮಂಡಿಯೂರಿ ಕೂತು ಕಲ್ಲನ್ನು ಬೆರಳಿನಿಂದ ಸವರಿದರು. ಫೋನಿನಲ್ಲಿದ್ದ ಒಂದು ಹಳೆಯ ನಕ್ಷೆ ತೆಗೆದು ನೋಡಿದರು. ಎದ್ದು ನಿಂತಾಗ ಅವರು ಕುಡಿದಿದ್ದ ಎಳನೀರೆಲ್ಲ ಹಣೆಯ ಮೇಲೆ ಬಂದಿತ್ತು.

"ಇದು ಗಣಿ ಕಂಪನಿಯ ಗಡಿಗಲ್ಲು," ಎಂದರು.

"ಯಾವ ಕಂಪನಿ?"

"ಚಿನ್ನದ ಗಣಿ. ಈಗ ಮುಚ್ಚಿಹೋಗಿರೋದು. ಕಂಪನಿ ಜಮೀನಿನ ಸುತ್ತ ನೆಟ್ಟಿದ್ದ ಕಲ್ಲು ಇವು. ಬಾಣ, ನಂಬರ್ ಎಲ್ಲ ಅದೇ. ಗಡಿಗಲ್ಲು ಎಲ್ಲಿದೆಯೋ ಅಲ್ಲೇ ಗಡಿ. ಅಂದರೆ ಕಂಪನಿ ಜಮೀನು ಇಲ್ಲೀತನಕ ಬರುತ್ತೆ."

ಜನ ಒಟ್ಟಿಗೆ ನಕ್ಕರು. ಗಣಿಯೆಲ್ಲಿ, ಬಂಡಕೊತ್ತೂರೆಲ್ಲಿ! ಚಾಂಪಿಯನ್ ರೀಫ್ಸ್‌ನ ಗಣಿಯಲ್ಲಿ ಚಿನ್ನ ತೆಗೆದು ಸುರಿದ ಮಣ್ಣಿನ ಸೈನೈಡ್ ದಿಬ್ಬ ಊರಿನ ಬಂಡೆ ಹತ್ತಿ ನಿಂತರೆ ಬೂದಿ ರಾಶಿಯ ಹಾಗೆ ಕಾಣುತ್ತದೆ, ಅಷ್ಟೆ. ಕನಕಮ್ಮ ಆ ಕಡೆ ಕೈ ತೋರಿಸಿ, "ಸಾರ್, ಗಣಿ ಅಲ್ಲೈತೆ. ಕಣ್ಣು ಕಾಣ್ಸಕಿಲ್ವಾ?" ಎಂದಳು.

"ನಾನು ಕಲ್ಲಿನ ಮಾತು ಕೇಳಬೇಕಮ್ಮ, ನಿಮ್ಮ ಮಾತಲ್ಲ," ಎಂದರು ಸುಧಾಕರ್. ಅಳತೆಯ ವಿಷಯಕ್ಕೆ ಬಂದರೆ ಅವರಲ್ಲಿ ಎಲ್ಲಿಂದಲೋ ಧೈರ್ಯ ಬರುತ್ತಿತ್ತು. ಯಂತ್ರ ನಿಲ್ಲಿಸಿದರು. ಬಾಣಗಳು ತೋರಿಸಿದ ಕಡೆಗೆಲ್ಲ ಗೆರೆ ಎಳೆದರು. ಗೋಡೆಗಳು ನಾಲ್ಕು, ಕಟ್ಟಿದವರು ಬಾಣವನ್ನು ಹೇಗೆ ಬೇಕೋ ಹಾಗೆ ತಿರುಗಿಸಿ ಇಟ್ಟಿದ್ದರು. ಹಾಗಾಗಿ ಚಿನ್ನದ ಗಣಿಯ ಗಡಿ ಒಂದನೇ ತರಗತಿಯ ಕಿಟಕಿಯಿಂದ ಹೊರಟು, ಡೈರಿಯ ಕಲ್ಲುಚಪ್ಪಡಿ ದಾಟಿ, ಮುನಿಸ್ವಾಮಪ್ಪನ ಅಡುಗೆಮನೆ ಹೊಕ್ಕು, ಅವನ ಹೆಂಡತಿ ಬೇಳೆ ಬೇಯಿಸುತ್ತಿದ್ದ ಒಲೆಯನ್ನು ಎರಡು ಭಾಗ ಮಾಡಿ, ಸೊಣ್ಣಪ್ಪನ ದನದ ಕೊಟ್ಟಿಗೆಗೆ ಬಂದು ನಿಂತಿತು. ಅವನ ಎರಡು ಹಸುಗಳಲ್ಲಿ ಒಂದು ಕಂಪನಿಯ ಒಳಗೆ, ಒಂದು ಹೊರಗೆ.

"ಇದು ಇತ್ಯರ್ಥ ಆಗೋವರೆಗೂ ಈ ಕಟ್ಟಡದಲ್ಲಿ ಯಾರೂ ಕೂರೋ ಹಾಗಿಲ್ಲ," ಎಂದು ಸುಧಾಕರ್ ಫೋನಿನಲ್ಲಿ ಮೇಲಿನವರನ್ನು ಕೇಳಿ, ಮಕ್ಕಳನ್ನು ಹೊರಗೆ ಕಳಿಸಿ, ಶಾಲೆಗೆ ಬೀಗ ಹಾಕಿಸಿದರು.

"ಬೇರೆ ದಾರೀನೇ ಇಲ್ವಾ ಸಾರ್?" ಎಂದರು ಕವಿತ ಟೀಚರ್.

"ಒಂದಿದೆ. ಈ ಕಲ್ಲುಗಳು ಮೊದಲಿಂದ ಇಲ್ಲಿದ್ದದ್ದಲ್ಲ, ಬೇರೆ ಕಡೆಯಿಂದ ಕಿತ್ತು ತಂದದ್ದು ಅಂತ ಯಾರಾದರೂ ಹೇಳಿಕೆ ಕೊಟ್ಟರೆ ಗಡಿ ವಾಪಸ್ ಅಲ್ಲಿಗೇ ಹೋಗುತ್ತೆ. ಆದರೆ ಗಡಿಗಲ್ಲು ಕೀಳೋದು ಅಪರಾಧ. ಕೇಸಾಗಬಹುದು. ಅದನ್ನೂ ತಿಳ್ಕೊಂಡೇ ಕೊಡಬೇಕು." ಸುಧಾಕರ್ ಜನರತ್ತ ತಿರುಗಿದರು. "ಈ ಶಾಲೆ ಕಟ್ಟಿದ್ದು ಯಾರ ಮನೆಯವರು ಅಂದಿರಿ?"

ಗೋಡೆಗೆ ಒರಗಿದ್ದವರೆಲ್ಲ ಎರಡು ಹೆಜ್ಜೆ ದೂರ ಸರಿದರು.

"ನಮ್ ತಾತ ಅಲ್ಲಪ್ಪ," ಎಂದ ಮುನಿಸ್ವಾಮಪ್ಪ. "ನಮ್ ತಾತ ಜಾಗ ಕೊಟ್ಟಿಲ್ಲ. ಕೊಡೋಕೆ ನಮ್ ತಾತಂಗೆ ಜಾಗಾನೇ ಇರ್ಲಿಲ್ಲ. ನಿಜ ಯೋಳ್ಬೇಕೂಂದ್ರೆ ನಮ್ ತಾತ ಈ ಊರಾಗೇ ಇರ್ಲಿಲ್ಲ."

"ಮತ್ತೆ ಫೋಟೋ?"

"ಅದು ಯಾರ್ದೋ."

"ನಮ್ ಮಾವ ಬಾಗ್ಲು ಮಾಡಿಲ್ಲ ಸಾಮಿ," ಎಂದಳು ಕನಕಮ್ಮ. "ನಮ್ ಮಾವಂಗೆ ಬಾಗ್ಲು ಅಂದ್ರೇನೇ ಗೊತ್ತಿರ್ಲಿಲ್ಲ. ನಮ್ಮನೆ ಹಿತ್ಲಿಗೆ ಈಗ್ಲೂ ಬಾಗ್ಲಿಲ್ಲ, ಬೇಕಾದ್ರೆ ಬಂದು ನೋಡ್ಕೊಳ್ಳಿ."

ತೊಲೆ ತಂದ ತಾತ, ಕೋಳಿ ಕೊಯ್ದ ಮುತ್ತಜ್ಜ, ಮಜ್ಜಿಗೆ ಹಂಚಿದ ಚಿಕ್ಕಜ್ಜಿ ಎಲ್ಲರೂ ಒಬ್ಬರ ಹಿಂದೊಬ್ಬರು ಚರಿತ್ರೆಯಿಂದ ಇಳಿದು ಹೋದರು. ಕೊನೆಗೆ ಎಲ್ಲರ ಕಣ್ಣೂ ಹಾರೆ ಹಿಡಿದು ನಿಂತಿದ್ದವನ ಮೇಲೆ ಬಿದ್ದವು. ಅರ್ಧಕ್ಕೆ ನಿಂತಿದ್ದ ಬೋರ್ಡು ಮುಗಿಸಲು ಬಂದಿದ್ದ ಸೆಲ್ವರಾಜ್ ಏಣಿಯ ಮೇಲಿಂದ, ಸಹಾಯ ಮಾಡುವ ಉದ್ದೇಶದಿಂದಲೇ, "ಇವ್ರು ಬರ್ಕೊಳ್ಳಿ ಬರ್ಕೊಳ್ಳಿ ಅಂದ್ರಲ್ಲಾ ಸಾರ್? ಒಬ್ಳೇ ತಂದಿದ್ದು ಅಂತ ಕೂಡ ಸೊನ್ನಾರು," ಎಂದು ನೆನಪಿಸಿದ.

ಸೊಣ್ಣಪ್ಪನ ಮೂಗಿನ ತುದಿ ಅಷ್ಟು ಜನರ ಮಧ್ಯೆ ಮೊದಲ ಸಲ ಬೆಳ್ಳಗಾಯಿತು.

"ಸೋಮವಾರ ಬರ್ತೀನಿ. ಅಷ್ಟರಲ್ಲಿ ಯೋಚನೆ ಮಾಡಿ," ಎಂದು ಸುಧಾಕರ್ ಯಂತ್ರದ ಕಾಲು ಮಡಚಿದರು.

ಮಾರನೆಯ ದಿನದಿಂದ ಶಾಲೆ ಡೈರಿಯ ಚಪ್ಪರದ ಕೆಳಗೆ ನಡೆಯಿತು. ಮಕ್ಕಳು ಕ್ಯಾನುಗಳ ನಡುವೆ ಕೂತು ಮಗ್ಗಿ ಹೇಳಿದರು. ಮುನಿಸ್ವಾಮಪ್ಪ ಡಿಗ್ರಿ ಕೂಗಿದಾಗಲೆಲ್ಲ ಅವರು ಅದನ್ನೂ ಸೇರಿಸಿ ಹೇಳಿದ್ದರಿಂದ ಐದರ ಮಗ್ಗಿ ಎಲ್ಲಿಗೋ ಹೋಯಿತು. ಕವಿತ ಟೀಚರ್ ಸೊಣ್ಣಪ್ಪನ ಮನೆ ಬಾಗಿಲಿಗೇ ಬಂದು ಹೇಳಿದರು: "ಇರೋದೇ ಹಿಡಿಯಷ್ಟು ಮಕ್ಕಳು. ಹೀಗೇ ಇದ್ದರೆ ಮೇಲಿನವರು ಈ ಶಾಲೇನ ರಾಬರ್ಟ್‌ಸನ್‌ಪೇಟೆ ಕಡೆ ಯಾವುದಕ್ಕಾದರೂ ಸೇರಿಸಿಬಿಡ್ತಾರೆ. ಆಮೇಲೆ ಬೀಗ ತೆಗೆದರೂ ಒಳಗೆ ಕೂರೋಕೆ ಯಾರೂ ಇರಲ್ಲ. ನೀವು ಏನು ಬೇಕಾದರೂ ಬೈಕೊಳ್ಳಿ ಸೊಣ್ಣಪ್ಪನವರೇ, ಆ ಶಾಲೆ ಮುಚ್ಚಿಸಿದ್ದು ನಿಮ್ಮ ಹಾರೆ."

ಚಂದನ ಅಪ್ಪನ ಜೊತೆ ಮಾತು ಬಿಟ್ಟಳು. ಹೆಂಡತಿ ರಾಧ ಮಾತು ಬಿಡಲಿಲ್ಲ. ಅದು ಇನ್ನೂ ಕಷ್ಟವಾಯಿತು.

ಸೊಣ್ಣಪ್ಪ ತನ್ನ ಸಿಟ್ಟನ್ನೆಲ್ಲ ಬಾಚಿಕೊಂಡು, ಜಗಲಿಯಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದ ಅಜ್ಜಿಯ ಮೇಲೆ ಹೋದ. "ಏನಜ್ಜೀ ನೀನು! ಗುರುತು ಗುರುತು ಅಂತಾ ಕತೆ ಯೋಳಿ ನನ್ ಬಾಯಾಗೆ ಮಣ್ಣಾಕಿದ್ಯಲ್ಲಾ! ಅದು ನಿನ್ ಗುರುತಲ್ವಂತೆ, ಕಂಪ್ನಿ ಗುರುತಂತೆ!"

ಮುತ್ಯಾಲಮ್ಮ ತಲೆ ಎತ್ತಲಿಲ್ಲ. "ನನ್ ಗುರುತು ಅಂತ ನಾನ್ಯಾವಾಗ್ಲಾ ಅಂದೆ?"

"ಕತೇಲಿ ಅಂದ್ಯಲ್ಲಾ!"

"ಕತೆ ಪೂರ್ತಿ ಕೇಳಿದ್ಯಾ?"

"ದಿನಾ ಕೇಳಿವ್ನಿ!"

"ಗುರುತಾದ್ಮೇಲೆ ಏನಾಯ್ತು, ಯೋಳು."

ಗುರುತಾದ ಮೇಲೆ ಬೆಳಗಾಗಿತ್ತು. ಅಷ್ಟೇ ಅವನಿಗೆ ಗೊತ್ತಿದ್ದುದು.

ಅಜ್ಜಿ ಅವರೆಕಾಯಿಯ ಮೊರವನ್ನು ಠಣಾರೆಂದು ಪಕ್ಕಕ್ಕಿಟ್ಟಳು. ಆ ಮನೆಯಲ್ಲಿ ಸಿಟ್ಟು ಯಾರಿಂದ ಬಂದದ್ದೆಂದು ಅನುಮಾನವಿದ್ದವರಿಗೆ ಆ ಸದ್ದು ಸಾಕಿತ್ತು. "ಕೂತ್ಕೊ. ರಾಧಾ, ಇವನ್ ಪಕ್ಕ ಕೂತ್ಕೊ. ಕಣ್ಣು ಮುಚ್ಚುದ್ರೆ ಚಿವುಟು. ಆವತ್ತು ಊರಿನ ಎಂಗಸ್ರಿಗೆಲ್ಲ ಸಿಟ್ಟು ಬಂದಿತ್ತು. ಯಾಕೆ ಅಂತ ಇಷ್ಟು ವರ್ಷದಾಗೆ ಒಂದಿನಾನಾರ ಕೇಳಿದ್ಯೇನ್ಲಾ? ನಾನಾಗ ಲಂಗದ ಉಡುಗಿ. ನಮ್ಮವ್ವ, ಮಿಕ್ಕ ಎಂಗಸ್ರು ಎಲ್ಲಾ ಸೇರಿ ಊರಿನ ಮಕ್ಕಳನ್ನ ನಡೆಸ್ಕೊಂಡು ಕಂಪ್ನಿ ಲೈನಿನ, ಅದೇ ಗಣಿ ಕೂಲಿಯೋರ ಮನೆ ಸಾಲಿನ ಶಾಲೆಗೆ ಕರ್ಕೊಂಡೋದ್ರು, ಅಕ್ಷರ ಕಲೀಲಿ ಅಂತ. ಅಲ್ಲೊಬ್ಬ ಗುಮಾಸ್ತ, ಕುರ್ಚಿಯಿಂದ ಏಳ್ದೇನೇ ಏನಂದ ಗೊತ್ತಾ? 'ಈ ಶಾಲೆ ಗಡಿ ಒಳಗಿರೋ ಮಕ್ಕಳಿಗೆ ಮಾತ್ರ. ನೀವು ಗಡಿ ಆಚೆಯೋರು, ನಡೀರಿ' ಅಂದ. ನಮ್ಮವ್ವ ಕೇಳಿದ್ಲು, 'ಗಡಿ ಅಂದ್ರೆ ಏನಪ್ಪ?' 'ಅಗೋ, ಆ ಕಲ್ಲುಗಳು ಕಾಣ್ತವಲ್ಲ, ಅದೇ ಗಡಿ' ಅಂದ. 'ಅಷ್ಟೇನಾ?' ಅಂದ್ಲು ನಮ್ಮವ್ವ."

ರಾಧ ಗಂಡನನ್ನು ಚಿವುಟಿದಳು. ಅವನ ಕಣ್ಣು ಮುಚ್ಚಿರಲಿಲ್ಲ, ಆದರೂ ಚಿವುಟಿದಳು.

"ಮನೆಗೆ ಬಂದು ಮುದ್ದೆಗೆ ಎಸರಿಟ್ರು. ಎಸರು ಕುದಿಯೋಕಿಂತ ಮುಂಚೆ ಅವರೇ ಕುದ್ದೋದ್ರು. ಅಂಗೇ ಎದ್ದು, ಗಡಾರಿ ತಗೊಂಡು ಓಗಿ, ಆ ಕಲ್ಲುಗಳನ್ನ ಕಿತ್ತು ತಲೆ ಮೇಲಿಟ್ಕೊಂಡು ಊರಿಗೆ ತಂದ್ರು. ಗಡಿ ಒಳಗಿರೋ ಮಕ್ಕಳಿಗೆ ಮಾತ್ರ ಶಾಲೆ ಅಂದ್ನಲ್ಲ? ಅದ್ಕೇ ಗಡೀನೇ ಒತ್ಕೊಂಡ್ ಬಂದ್ರು! ಆಮೇಲೆ ತಂದ ಕಲ್ಲು ಸುಮ್ನೆ ಯಾಕಿರ್ಬೇಕು ಅಂತ ಅದ್ರಾಗೇ ಗೋಡೆ ಎತ್ತಿದ್ರು. ಕಂಪ್ನಿಯೋರು ಉಡುಕ್ಕೊಂಡು ಬಂದಾಗ ಸುಣ್ಣ ಒಡೆದಾಗಿತ್ತು. ಒಳ್ಗೆ ನಾವು ಅ ಆ ಇ ಈ ಅಂತಿದ್ವಿ. ಬಂದೋರು ನೀರು ಕುಡ್ದು, 'ಇಲ್ಲೆಲ್ಲಾದ್ರೂ ನಮ್ ಕಲ್ಲು ನೋಡಿದ್ರಾ' ಅಂತ ಆ ಗೋಡೆಗೇ ಒರಗಿ ನಿಂತು ಕೇಳಿದ್ರು. ಅವತ್ತಿಂದ ಯುಗಾದಿ ಬಂದ್ರೆ ಮೊದ್ಲು ಸುಣ್ಣ ಶಾಲೆಗೇ. ಅದನ್ನೇ ನೀನು ಆರೇಲಿ ಕೆರ್ದಿದ್ದು, ಮುಟ್ಠಾಳ!"

ಸೊಣ್ಣಪ್ಪನಿಗೆ ಸಿಟ್ಟೇ ಬರಲಿಲ್ಲ. ಹೆದರಿಕೆಯಾಯಿತು. ಆ ಹೆಂಗಸರಲ್ಲಿ ಈಗ ಉಳಿದಿರುವವಳು ಈಕೆ ಒಬ್ಬಳೇ. ನಿಜ ಹೇಳಿದರೆ ಅಜ್ಜಿಯ ಮೇಲೆ ಕೇಸು, ಹೇಳದಿದ್ದರೆ ಶಾಲೆಗೆ ಬೀಗ.

ಸೋಮವಾರ ಸುಧಾಕರ್ ಬಂದರು. ಈ ಸಲ ಯಾರೂ ಎಳನೀರು ಕೊಚ್ಚಲಿಲ್ಲ. ಬೀಗದ ಮುಂದೆ ಊರೆಲ್ಲ ನಿಂತಿತ್ತು. ಮಕ್ಕಳು ಕ್ಯಾನಿನ ಮೇಲೆ ಹತ್ತಿ ನಿಂತಿದ್ದರು. ಸುಧಾಕರ್ ಕೇಳುವ ಮೊದಲೇ ಸೊಣ್ಣಪ್ಪ ಸಾಕ್ಷಿಗೆಂದು ಹಾರೆ ಹಿಡಿದು ಮುಂದೆ ಬಂದು ಎದೆ ಗುದ್ದಿಕೊಂಡ.

"ನಾನೇ ಕಿತ್ತಿದ್ದು! ಗಡಿಗಲ್ಲು ಕದ್ದಿದ್ದು ನಾನು! ಅದೇನ್ ಕೇಸ್ ಆಕ್ತೀರೋ ಆಕ್ರಿ!"

ಸುಧಾಕರ್ ಅವನನ್ನು ಮೇಲಿಂದ ಕೆಳಗೆ ನೋಡಿದರು. "ಯಾವಾಗ ಕದ್ದಿರಿ?"

"ಶಾಲೆ ಕಟ್ಟೋವಾಗ."

"ಆಗ ನಿಮ್ಮ ತಂದೆ ಹುಟ್ಟಿದ್ರಾ?"

ಸೊಣ್ಣಪ್ಪ ಯೋಚಿಸಿದ. "ಇಲ್ಲ. ಅದ್ಕೇ ನಾನೇ ಓಗ್ಬೇಕಾಯ್ತು!"

ಅಷ್ಟರಲ್ಲಿ ಹಾಲಿನ ಟೆಂಪೋ ಬಂದು ನಿಂತಿತು. ಹಿಂದೆ ಕ್ಯಾನುಗಳ ನಡುವೆ, ಕ್ಯಾನಿಗಿಂತ ಸ್ವಲ್ಪವೇ ಎತ್ತರವಾಗಿ, ಮುತ್ಯಾಲಮ್ಮ ಕೂತಿದ್ದಳು. ರಾಧ ಇಳಿಸಿದಳು. ಅಜ್ಜಿ ಕೋಲು ಊರಿಕೊಂಡು ಬಂದು ಮೊದಲು ಕೋಲಿನಿಂದ ಮೊಮ್ಮಗನ ಮೊಣಕಾಲಿಗೆ ಒಂದು ಕೊಟ್ಟಳು. "ಮುಚ್ಚು ಬಾಯಿ. ನಮ್ ಕೆಲ್ಸಕ್ಕೆ ತನ್ ಎಸ್ರು ಆಕ್ಕೊಳಕ್ಕೆ ಬಂದವ್ನೆ." ಆಮೇಲೆ ಶಾಲೆಯ ಮೆಟ್ಟಿಲ ಮೇಲೆ, ಬೀಗಕ್ಕೆ ಬೆನ್ನು ಕೊಟ್ಟು ಕೂತಳು.

"ಏನಪ್ಪಾ, ನೀನೇನಾ ಅಳತೆ ಮಾಡಿದ್ದು? ಏನಂತ ಬಂತು ಅಳತೆ?"

"ಊರು ಗಡಿಯ ಒಳಗೆ ಬರುತ್ತೆ ಅಂತ, ಅಜ್ಜಿ," ಎಂದರು ಸುಧಾಕರ್.

"ಆ ಗುಮಾಸ್ತ ಇದ್ದಾಗ ಬಂದು ಯೋಳಿದ್ರೆ ಎಷ್ಟು ಚೆನ್ನಾಗಿರ್ತಿತ್ತು! ಇಷ್ಟು ತಡವಾ ನಿಮ್ಮದು?" ಎಂದು ಅಜ್ಜಿ ಕೋಲು ಕುಟ್ಟಿದಳು. "ಬರ್ಕೊ. ಕಲ್ಲು ಕಿತ್ತಿದ್ದು ನಾವು. ಕಂಪ್ನಿ ಲೈನಿನ ಹಿಂದುಗಡೆಯಿಂದ. ನಮ್ ಮಕ್ಕಳನ್ನ ಆಚೆಯೋರು ಅಂದ್ರಲ್ಲ, ಅದ್ಕೆ. ಇಲ್ಲೇ ಕೂತಿವ್ನಿ, ಇಡ್ಕೊಂಡೋಗು. ಆದ್ರೆ ಮೊದ್ಲು ಈ ಬೀಗ ತೆಗಿ."

ಸುಧಾಕರ್ ಹೇಳಿಕೆ ಬರೆದರು. ಹೆಬ್ಬೆಟ್ಟಿನ ಮಸಿ ಮುಂದೆ ಹಿಡಿದರು. ಅಜ್ಜಿ ಅದನ್ನು ಕೋಲಿನಿಂದ ಆಚೆ ಹಾರಿಸಿದಳು. "ಇದೇ ಶಾಲೇಲಿ ಕಲ್ತೋಳು ನಾನು. ಪೆನ್ನು ತಾ!" ಎಂದು, ಕಾಗದದ ತುಂಬ ಬರುವಷ್ಟು ದೊಡ್ಡದಾಗಿ ಮುತ್ಯಾಲಮ್ಮ ಎಂದು ಬರೆದಳು. ಒತ್ತಿದ ರಭಸಕ್ಕೆ ಕಾಗದ ಅಲ್ಲಲ್ಲಿ ತೂತಾಯಿತು.

"ನಾವು ಅಂದ್ರಲ್ಲ ಅಜ್ಜಿ, ಜೊತೇಲಿ ಇನ್ಯಾರಿದ್ರು?"

ಅಜ್ಜಿ ಕಣ್ಣು ಮುಚ್ಚಿ ಹೆಸರು ಹೇಳತೊಡಗಿದಳು. ನಮ್ಮವ್ವ ಸೊಣ್ಣಮ್ಮ. ಕೆಳಗಿನ ಮನೆ ಆದಿಲಕ್ಷ್ಮಮ್ಮ. ಕನಕಮ್ಮನ ಅತ್ತೆ ಚೌಡಮ್ಮ. ಜನ ಹತ್ತಿರ ಸರಿದು ಕೇಳಿದರು. ಹೆಸರು ನಿಂತಿತು.

"ಅಷ್ಟೇನಾ?" ಎಂಬ ಸ್ವರ ಕೇಳಿತು. ಮುನಿಸ್ವಾಮಪ್ಪನದು. "ನಮ್ಮಜ್ಜಿ?"

"ನಿಮ್ಮಜ್ಜಿ ಮುನಿಯಮ್ಮನಾ? ಬಂದಿದ್ಲು. ಭಯ ಬಿದ್ದು ಚಟ್ನಿ ಅರಿಯೋ ಗುಂಡಿನಷ್ಟು ಒಂದು ಕಲ್ಲು ತಂದ್ಲು. ಅದ್ರಾಗೆ ಗುರುತೂ ಇರ್ಲಿಲ್ಲ."

ಮುನಿಸ್ವಾಮಪ್ಪ ಗಾಜಿನ ಕೊಳವೆ ಎತ್ತಿ ಹಿಡಿದ. "ಏನ್ ಮಾತಮ್ಮಾ ಇದು! ನಮ್ಮಜ್ಜಿ ಚಟ್ನಿ ಗುಂಡು ಕದಿಯೋಳಾ? ನಮ್ ವಂಶ ಅಂಥದ್ದಾ? ದೊಡ್ಡ ಕಲ್ಲೇ ಕದ್ದಿದ್ಲು! ಸಾರ್, ಬರ್ಕೊಳ್ಳಿ, ನಮ್ಮಜ್ಜೀದೂ ಕೇಸ್ ಆಕಿ!"

"ಅಂಗಾದ್ರೆ ನಮ್ಮತ್ತೆ ಎಲ್ಡು ಕಲ್ಲು ತಂದವ್ಳೆ, ಸೊಂಟದ ಮೇಲೊಂದು!" ಎಂದಳು ಕನಕಮ್ಮ. "ನಮ್ ಚಿಕ್ಕಜ್ಜಿ ಮಜ್ಜಿಗೆ ಅಂಚಿಲ್ಲ, ಕಾವಲು ನಿಂತಿದ್ಲು, ಕಾವಲು ನಿಲ್ಲೋದು ಕಳ್ತನ ಅಲ್ವಾ?" ಎಂದರು ಇನ್ಯಾರೋ. ಸುಧಾಕರ್ ಕೈಯಲ್ಲಿದ್ದ ಕಾಗದಕ್ಕೆ ನಾಲ್ಕು ಕಡೆಯಿಂದ ಬೆರಳುಗಳು ಚುಚ್ಚಿದವು. ಅವರು ಫೋನಿನಲ್ಲಿ ಮೇಲಿನವರನ್ನು ಕೇಳಿದರು. ಊರೊಂದರ ತೀರಿಕೊಂಡ ಹೆಂಗಸರನ್ನೆಲ್ಲ ಹಿಡಿದು ತರುವ ಪದ್ಧತಿ ಇಲ್ಲವೆಂದೂ, ಕಲ್ಲು ಸ್ಥಳಾಂತರವಾಗಿದೆ ಎಂದು ವರದಿ ಕೊಟ್ಟು ಕೂಡಲೇ ಅಲ್ಲಿಂದ ಹೊರಡುವುದು ಒಳ್ಳೆಯದೆಂದೂ ಅತ್ತ ಕಡೆಯಿಂದ ಹೇಳಿದರು.

"ಸ್ಥಳಾಂತರ ಅಂತೆ!" ಸೊಣ್ಣಪ್ಪನ ಮೂಗು ಮತ್ತೆ ಕೆಂಪಗಾಯಿತು. "ಕದ್ದಿದ್ದು ಅಂತ ಬರೀರಿ! ನಮ್ಮಜ್ಜಿ ಕಷ್ಟ ಪಟ್ಟಿದ್ದು ಸ್ಥಳಾಂತರಾನಾ?"

"ಮತ್ತೆ ಕಲ್ಲುಗಳನ್ನ ವಾಪಸ್ ಕೊಡಬೇಕಾಗಬಹುದು..." ಎಂದರು ಸುಧಾಕರ್, ಬೀಗ ತೆಗೆಯುತ್ತ, ಮೆಲ್ಲಗೆ.

"ಬೇಕಾದೋರು ಬಂದು ತಗೊಂಡೋಗ್ಲಿ," ಎಂದಳು ಅಜ್ಜಿ. "ಆದ್ರೆ ಲಾರೀಲಲ್ಲ. ತಲೆ ಮೇಲೆ."

ಮಕ್ಕಳು ಆಕೆಯನ್ನು ದಾಟಿಕೊಂಡು ಒಳಗೆ ನುಗ್ಗಿದರು. ಚಂದನ ಮಾತ್ರ ಹೊಸ್ತಿಲಲ್ಲಿ ನಿಂತು, ಅಪ್ಪನ ಕೈಯಿಂದ ಹಾರೆ ಕಿತ್ತುಕೊಂಡು, ಅದನ್ನು ಎಳೆದುಕೊಂಡು ಹೋಗಿ ಕವಿತ ಟೀಚರ್ ಕೈಗೆ ಕೊಟ್ಟು ಆಮೇಲೆ ತನ್ನ ಜಾಗದಲ್ಲಿ ಕೂತಳು.

ಆ ವಾರ ಸೆಲ್ವರಾಜ್ ಬೋರ್ಡನ್ನು ಪೂರ್ತಿ ಅಳಿಸಿ ಹೊಸದಾಗಿ ಬರೆದ. ಮೇಲೆ ದಪ್ಪಕ್ಷರದಲ್ಲಿ 'ಈ ಶಾಲೆಯ ಕಲ್ಲು ಕದ್ದವರು' ಎಂದು. ಕೆಳಗೆ ಹೆಂಗಸರ ಹೆಸರುಗಳು. ಯಾವ ಹೆಸರು ಮೇಲೆ ಎಂಬುದಕ್ಕೆ ಇನ್ನೊಂದು ಜಗಳ ಬೇಡವೆಂದು ಕವಿತ ಟೀಚರ್ ಒಂದು ನಿಯಮ ಮಾಡಿದ್ದರು: ದೊಡ್ಡ ಕಲ್ಲು ತಂದವರು ಮೊದಲು. ಹೆಸರುಗಳು ಬೋರ್ಡಿನಲ್ಲಿ ಹಿಡಿಸದೆ ಗೋಡೆಯ ಮೇಲೆ ಇಳಿದು, ಕಿಟಕಿಯ ಪಕ್ಕಕ್ಕೆ ಬಂದಿದ್ದವು.

ಸೊಣ್ಣಪ್ಪ ಕ್ಯಾನು ಕೆಳಗಿಟ್ಟು ಓದಿದ. ಮೇಲಿಂದ ಓದಿದ. ಮುನಿಯಮ್ಮನೂ ಬಂದಳು, ದಾಟಿದಳು. ಕೊನೆಯ ಹೆಸರು, ಕಿಟಕಿಯ ಮೂಲೆಯಲ್ಲಿ, ಮುತ್ಯಾಲಮ್ಮ.

"ಏಯ್, ಇಳೀಲಾ ಕೆಳ್ಗೆ!" ಎಂದು ಅವನು ಏಣಿಗೆ ಕೈ ಹಾಕಿದ. "ಕೊನೇಲಿ ಯಾಕ್ಲಾ ಬರ್ದೆ ನಮ್ಮಜ್ಜೀನ? ಚಟ್ನಿ ಗುಂಡಿಗಿಂತ ಕೆಳ್ಗಾ?"

ಮೆಟ್ಟಿಲ ಮೇಲೆ ಬಿಸಿಲು ಕಾಯಿಸುತ್ತ ಕೂತಿದ್ದ ಮುತ್ಯಾಲಮ್ಮ ಕೋಲು ಎತ್ತಿದಳು. "ಬಿಡ್ಲಾ ಏಣಿ. ನಾನಾಗ ಚಿಕ್ಕೋಳು. ನಂದು ಸಣ್ಣ ಕಲ್ಲೇ. ಆದ್ರೆ ಊರು ಮುಟ್ಟೋವರ್ಗೂ ಒತ್ತೆ ಕಣ್ಲಾ, ನಿನ್ನಂಗೆ ಅರ್ಧ ದಾರೀಲಿ ನಿದ್ದೆ ಓಗ್ಲಿಲ್ಲ."